ಎಂಜಿನ್ ನೀರು ಕುಡಿಯುವಷ್ಟು ಹೊತ್ತು

ಬೆಳಿಗ್ಗೆ ಮೋಟರ್ ಹಾಕಿ ಅಂಗಳದಲ್ಲಿ ಕುಳಿತಿದ್ದೇನೆ. ಬಾಗಲಕೋಟೆ ನವನಗರದ ನಮ್ಮ ಮನೆಯ ಮೇಲಿನ ಖಾಲಿ ಟಾಂಕಿಗೆ ನೀರು ಬೀಳುವ ಸದ್ದು ಕೇಳಿದರೆ ನನಗೆ ಇವತ್ತಿಗೂ ರೊಟ್ಟಿ ಕಟ್ಟಿಕೊಂಡು ಓಡಬೇಕು ಅನಿಸುತ್ತದೆ. ನಗಬೇಡಿ, ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಮದುವೆಯಾಗಿ ಬಾದಾಮಿಗೆ ಬಂದಾಗ ನನ್ನ ಗಂಡ ಉಗಿಬಂಡಿಯಲ್ಲಿ ಫೈರ್‌ಮನ್. ಎಂಜಿನ್ನಿನ ಬೆಂಕಿಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುವ ಕೆಲಸ, ಬಿಡಾರ ಗದಗಿನಲ್ಲಿ. ಅತ್ತೆ ಹಾಸಿಗೆ ಹಿಡಿದಿದ್ದರಿಂದ ನಾನು ಮಾತ್ರ ಬಾದಾಮಿಯಲ್ಲಿ, ಸ್ಟೇಷನ್ ಹತ್ತಿರದ ಮನೆಯಲ್ಲಿ ಉಳಿದೆ. ವಾರಕ್ಕೆ ಮೂರು ದಿನ ಅವರ ಬಂಡಿ ನಮ್ಮಲ್ಲಿ ನೀರಿಗೆ ನಿಲ್ಲುತ್ತಿತ್ತು. ಎಂಜಿನ್ ನೀರು ಕುಡಿಯುವಷ್ಟು ಹೊತ್ತು, ಅಷ್ಟೇ ನಮ್ಮ ಸಂಸಾರ.

ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿಪುಡಿ ಹಚ್ಚಿ ಸುರುಳಿ ಮಾಡಿ ಒಯ್ಯುತ್ತಿದ್ದೆ. ಅವರು ಎಷ್ಟು ಕೈ ತೊಳೆದರೂ ಮಸಿ ಹೋಗದೆ ರೊಟ್ಟಿಯ ಮೇಲೆ ಹೆಬ್ಬೆರಳಿನ ಗುರುತು ಮೂಡುತ್ತಿತ್ತು. ನನಗೋ ಮಾತಾಡಲು ನಾಚಿಕೆ. ನಾಚಿಕೆ ಬಿಡುವಷ್ಟರಲ್ಲಿ ಸೀಟಿ. ಅದಕ್ಕೇ ಎಂಜಿನ್ನಿನ ಸುದ್ದಿಯನ್ನೇ ತೆಗೆಯುತ್ತಿದ್ದೆ.

"ಇದು ಎಷ್ಟು ನೀರು ಕುಡಿತೈತ್ರಿ?"

"ನಮ್ಮ ಓಣಿ ವಾರಗಟ್ಲೆ ಕುಡಿಯೂ ನೀರು ಇದಕ್ಕ ಬಾಗಲಕೋಟಿ ಮುಟ್ಟೂತನಾ ಸಾಲೂದಿಲ್ಲ. ಕಲ್ಲಿದ್ದಲಂತೂ ಕೇಳಬ್ಯಾಡ. ಇದು ಹೊಟ್ಟಿ ಅಲ್ಲ, ಜ್ವಾಳ ತುಂಬೂ ಹಗೇವು!"

ಬೇಸಿಗೆ ಬಂದಾಗ ಒಳಗೊಳಗೇ ಹಿಗ್ಗಿದೆ. ಬಿಸಿಲಿಗೆ ಎಂಜಿನ್ನಿಗೂ ನೀರಡಿಕೆ ಹೆಚ್ಚು, ಇನ್ನಷ್ಟು ಹೊತ್ತು ನಿಲ್ಲುತ್ತದೆ ಎಂದುಕೊಂಡು ಎರಡು ರೊಟ್ಟಿ ಜಾಸ್ತಿ ಬಡಿದೆ. ಅದನ್ನು ಅವರಿಗೆ ಹೇಳಿದರೆ ಕೆಮ್ಮು ಬರುವಷ್ಟು ನಕ್ಕರು.

"ಹುಚ್ಚಿ, ಅದೇನು ಎಮ್ಮಿ ಏನ? ಬಿಸಲಿಗೆ ಕುಡಿಯೂದಿಲ್ಲ, ಭಾರಕ್ಕ ಕುಡಿತೈತಿ."

ಅವತ್ತಿನಿಂದ ಬಂಡಿಗೆ ಮಾಲಿನ ಡಬ್ಬಿ ಹೆಚ್ಚಾಗಲಿ ಎಂದು ಬನಶಂಕರಿಗೆ ಬೇಡಿಕೊಳ್ಳತೊಡಗಿದೆ. ಆ ಭಾರಕ್ಕೆಲ್ಲ ಕಲ್ಲಿದ್ದಲು ಎಸೆಯುವ ತೋಳು ಯಾರದು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಎಂಥ ಹೆಂಡತಿ ನೋಡಿ!

ನಮ್ಮ ಮಾತು ಡ್ರೈವರ್ ಇಮಾಮಸಾಬ ಚಾಚಾನ ಕಿವಿಗೂ ಬಿದ್ದಿತ್ತು. ಫೈರ್‌ಮನ್ ಮಾಡಬೇಕಾದ ಕೆಲಸವಾದರೂ ಮುಂದಿನ ಸಲದಿಂದ ಆ ಮುದುಕ ತಾನೇ ಎಂಜಿನ್ನಿನ ಹಿಂದಿನ ನೀರಿನ ತೊಟ್ಟಿ ಹತ್ತಿ ಕೊಳವೆ ಹಿಡಿದು ನಿಲ್ಲುತ್ತಿದ್ದ. ತೊಟ್ಟಿ ತುಂಬಿ ನೀರು ಎರಡೂ ಕಡೆ ಇಳಿದು ನನ್ನ ಕಾಲಿನವರೆಗೂ ಬರುತ್ತಿತ್ತು.

"ಚಾಚಾ, ತುಂಬೇತ್ರಿ!" ಇವರು ಕೂಗುತ್ತಿದ್ದರು.

ಚಾಚಾ ಮುಗಿಲು ನೋಡುತ್ತ ಹೇಳುತ್ತಿದ್ದ: "ಇನ್ನೂ ತುಂಬಿಲ್ಲಪಾ."

ಕೆಲವು ವರ್ಷಗಳಲ್ಲಿ ಡೀಸೆಲ್ ಬಂತು. ಅದಕ್ಕೆ ನಮ್ಮೂರಿನ ನೀರಿನ ಹಂಗಿಲ್ಲ. ಮೊದಲ ದಿನ ಬಂಡಿ ಹೀಗೆ ನಿಂತು ಹಾಗೆ ಹೊರಟಿತು, ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಆಮೇಲೆ ಅವರಿಗೆ ಬಾಗಲಕೋಟೆಗೆ ವರ್ಗವಾಗಿ, ಒಂದೇ ಸೂರಿನಡಿ ಮೂವತ್ತು ವರ್ಷ ಬಾಳಿದೆವು. ಜಗಳವಾಡಲೂ ಪುರುಸೊತ್ತು ಸಿಕ್ಕಿತು. ಅವರು ಹೋಗಿ ಈಗ ಮೂರು ವರ್ಷ. ನೆನೆದರೆ ಅಳು ಬರುವುದು ಮಾತ್ರ ಪ್ಲಾಟ್‌ಫಾರ್ಮಿನ ಆ ಹತ್ತು ನಿಮಿಷಕ್ಕೆ.

ಮೇಲಿಂದ ನೀರು ಸುರಿದು ಅಂಗಳ ತೋಯುತ್ತಿದೆ. ಅಡುಗೆಮನೆಯಿಂದ ಸೊಸೆ ಕೂಗಿದಳು: "ಅತ್ತೀ, ಟಾಂಕಿ ತುಂಬಿ ಹರ್ಯಾಕತ್ತೇತ್ರಿ, ಮೋಟರ್ ಬಂದ್ ಮಾಡ್ರಿ!"

ಸ್ವಿಚ್ಚು ನನ್ನ ಕೈಯಳತೆಯಲ್ಲೇ ಇದೆ. ದಿನಾ ನೀರು ಪೋಲು ಮಾಡಬೇಡಿ ಎಂದು ಬೈಯುವವಳೂ ನಾನೇ. ನೀರು ನನ್ನ ಕಾಲು ಮುಟ್ಟಿತು.

"ಇನ್ನೂ ತುಂಬಿಲ್ಲವ್ವಾ," ಅಂದೆ.