ಹನ್ನಾ ಎಂಬ ಹೆಸರಿನ ಹೆಂಗಸರು

ಬರ್ ದುಬೈಯ ಒಂದೇ ಫ್ಲ್ಯಾಟಿನಲ್ಲಿ ಎರಡೆರಡು ಸಂಸಾರ ಬಾಳುತ್ತಿದ್ದ ಕಾಲ ಅದು. ‘ಶೇರಿಂಗ್’ ಅನ್ನುತ್ತಿದ್ದೆವು. ತೊಂಬತ್ತರ ದಶಕದ ಕೊನೆ. ಒಂದು ಕೋಣೆ ಉಡುಪಿಯ ಬ್ರಾಹ್ಮಣರಾದ ನಮ್ಮದು, ಇನ್ನೊಂದು ಮಂಗಳೂರಿನ ಪ್ರೊಟೆಸ್ಟಂಟ್ ದಂಪತಿಯದು. ಅಡುಗೆಮನೆ ಇಬ್ಬರಿಗೂ ಒಂದೇ. ಮೀನು, ಮಾಂಸ ಒಳಗೆ ಬರಕೂಡದೆಂದು ಅಮ್ಮ ಮೊದಲ ದಿನವೇ ಕರಾರು ಹಾಕಿದ್ದಳು. ಮನೆ ಹಂಚಿಕೊಳ್ಳುವವರು ಕರಾರನ್ನು ಮೊದಲೇ ಮಾತಾಡಿಕೊಳ್ಳಿ, ಇದು ಇವತ್ತಿಗೂ ನಾನು ಕೊಡುವ ಸಲಹೆ. ಅದನ್ನು ಮುರಿಯುವ ಹೊತ್ತು ಯಾವುದೆಂದೂ ತಿಳಿದಿರಲಿ.

ಮಂಗಳೂರಿನವರ ಕೋಣೆಯ ಆಂಟಿಯ ಹೆಸರು ಹನ್ನಾ. ಸಂಜೆ ತೆಂಗಿನೆಣ್ಣೆ ಹಚ್ಚಿ ನನ್ನ ಜಡೆ ಹೆಣೆಯುತ್ತಾ ಬೈಬಲ್ಲಿನ ಹನ್ನಳ ಕಥೆ ಹೇಳುತ್ತಿದ್ದರು. ಮಕ್ಕಳಿಲ್ಲದ ಆಕೆ ತುಟಿಯಷ್ಟೇ ಅಲ್ಲಾಡಿಸಿ ಬೇಡಿಕೊಳ್ಳುತ್ತಿದ್ದರೆ, ಕುಡಿದಿದ್ದಾಳೆಂದು ಯಾಜಕ ಗದರಿದನಂತೆ. ಕೊನೆಗೆ ಸಮುವೇಲ ಹುಟ್ಟಿದ. ಹರಕೆಯಂತೆ ಅವನನ್ನು ದೇವರ ಸೇವೆಗೇ ಒಪ್ಪಿಸಿದಳು.

“ನಾನಾದ್ರೆ ಕೊಡ್ಲಿಕ್ಕಿಲ್ಲಪ್ಪ!” ಎಂದು ಆಂಟಿ ನಗುತ್ತಿದ್ದರು.

ಯೇಸುವಿನ ತಾಯಿ ಮರ್ಯಮಳನ್ನು ಹೆತ್ತವಳೂ ಹನ್ನಾ, ಅವಳೂ ಮುಪ್ಪಿನವರೆಗೆ ಮಗುವಿಗಾಗಿ ಕಾದವಳು ಎನ್ನುತ್ತಿದ್ದಳು ಮೇಲಿನ ಮಹಡಿಯ ಸಿರಿಯಾ ದೇಶದ ಅಜ್ಜಿ. “ಈ ಹೆಸರಿನವರಿಗೆಲ್ಲ ಕಾಯುವುದೇ ಕೆಲಸ” ಎಂದು ಆಂಟಿ ಮುಖ ತಿರುಗಿಸುತ್ತಿದ್ದರು. ಅವರಿಗೆ ಎರಡು ಸಲ ಬಸಿರು ಇಳಿದುಹೋಗಿತ್ತು.

ಆ ಬೇಸಿಗೆಯಲ್ಲಿ ಮತ್ತೆ ಬಸುರಿ. ಏನು ತಿಂದರೂ ವಾಂತಿ. ಹೀಗೇ ಆದರೆ ಮಗುವಿಗೆ ಕಷ್ಟ ಎಂದರು ಡಾಕ್ಟರು. ಅಮ್ಮನ ಕಾಳುಮೆಣಸಿನ ಸಾರೂ ಒಳಗೆ ನಿಲ್ಲಲಿಲ್ಲ.

“ಏನು ತಿನ್ಬೇಕು ಅನಿಸ್ತದೆ ಆಂಟಿ?”

“ಗಂಜಿ, ಒಣಸಿಗಡಿ ಚಟ್ನಿ. ಅಮ್ಮನಿಗೆ ಹೇಳ್ಬೇಡ ಮಾರಾಯ್ತಿ.”

ನೇರ ಹೋಗಿ ಹೇಳಿದೆ. ಮೀನಾ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಅಮ್ಮನ ಚೌಕಾಸಿ ನೋಡಿಯೇ ಬೆಳೆದವಳು ನಾನು.

“ಹೋಟೆಲಿಂದ ತರಿಸ್ಲಿ.”

“ಹೋಟೆಲಿನ ಎಣ್ಣೆ ವಾಸನೆಗೇ ವಾಂತಿ ಮಾಡ್ತಾರೆ.”

“ನಮ್ಮ ಒಲೆಯಲ್ಲಿ ಆಗ್ಲಿಕ್ಕಿಲ್ಲ.”

“ಬಾಲ್ಕನಿಯಲ್ಲಿ ಕರೆಂಟ್ ಒಲೆ, ಹಳೇ ಕಾವಲಿ. ಆಮೇಲೆ ಕಾವಲಿ ಬಿಸಾಡುವ.”

“ಖಲಾಸ್, ಸಾಕು ನಿನ್ನ ಪಂಚಾಯ್ತಿ!”

“ಬಯಕೆ ತೀರಿಸದಿದ್ರೆ ಮಗುವಿನ ಕಿವಿ ಸೋರ್ತದೆ ಅಂತ ಚಿಕ್ಕಮ್ಮನ ಸೀಮಂತದಲ್ಲಿ ಹೇಳಿದ್ದು ಯಾರು?”

 ಅಮ್ಮ ನನ್ನ ತಲೆಗೊಂದು ಮೊಟಕಿ, ಚಟ್ನಿಗೆಂದು ಒಂದು ತೆಂಗಿನಕಾಯಿ ತೆಗೆದಿಟ್ಟಳು.

ಮರುದಿನ ಉರಿಬಿಸಿಲಿನ ಬಾಲ್ಕನಿಯಲ್ಲಿ ಮೂಗಿಗೆ ಸೆರಗು ಸುತ್ತಿಕೊಂಡು, ಜನ್ಮದಲ್ಲಿ ಮೀನು ಮುಟ್ಟದ ನನ್ನ ಅಮ್ಮ ಸಿಗಡಿ ಹುರಿದಳು.

“ಇಷ್ಟು ಕೆಂಪಾದ್ರೆ ಸಾಕಾ ಹನ್ನಾ?”

“ಅಕ್ಕಾ, ಸೀದು ಹೋಗ್ತಾ ಉಂಟು!”

ಆಂಟಿ ನಗುತ್ತಿದ್ದರು, ಕಣ್ಣಲ್ಲಿ ನೀರು. ಸೀದ ಚಟ್ನಿಯೊಂದಿಗೆ ಎರಡು ಬಟ್ಟಲು ಗಂಜಿ ಉಂಡರು. ಅದು ಒಳಗೇ ನಿಂತಿತು. ಅಮ್ಮ ಮಿಂದು ಬಂದು ಇಡೀ ಮನೆಗೆ ಧೂಪ ಹಾಕಿದಳು. ಮುಂದಿನ ವಾರ ತಾನೇ ಕೇಳಿದಳು, “ಸಿಗಡಿ ಮುಗೀತಾ?”

ಚಳಿಗಾಲದಲ್ಲಿ ಹೆಣ್ಣುಮಗು ಹುಟ್ಟಿತು. “ನಿನ್ನ ಹೆಸರನ್ನೇ ಇಡು” ಎಂದಳು ಅಮ್ಮ.

“ಬೇಡ ಅಕ್ಕಾ, ಕಾದದ್ದೆಲ್ಲ ನನ್ನಲ್ಲಿಗೇ ಮುಗೀಲಿ.”

ಈಗ ದುಬೈಯಲ್ಲೇ ನನ್ನದೇ ವ್ಯಾಪಾರ, ನನ್ನದೇ ಮನೆ. ಅಡುಗೆಮನೆಯಲ್ಲಿ ಯಾರ ಕರಾರೂ ಇಲ್ಲ. ಕಳೆದ ತಿಂಗಳು ಎದುರು ಮನೆಯ ಬಾಗಿಲ ಹೊರಗೆ ತೊಟ್ಟಿಲಿನ ಖಾಲಿ ರಟ್ಟಿನ ಪೆಟ್ಟಿಗೆ ಬಿದ್ದಿತ್ತು. ಆ ಮನೆಯಾಕೆ ಬಸುರಿಯಾಗಿದ್ದಳೆಂದು ನನಗೆ ತಿಳಿದದ್ದೇ ಆಗ.