ಹಬೆ ಕೆಮ್ಮು

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನಮ್ಮ ಅಬ್ಬಾ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಶ್ವಾಸಕೋಶದ ಬುಡದಲ್ಲಿ ಮಂಜು ಕವಿದ ಹಾಗೆ ಒಂದು ಬಿಳಿ ಮಚ್ಚೆ.

“ಇದು ಟಿಬಿ ಅನ್ಸುತ್ತೆ. ಸಾಮಾನ್ಯವಾಗಿ ಮೇಲುಗಡೆ ಇರುತ್ತೆ, ಸಕ್ಕರೆ ಕಾಯಿಲೆಯೋರಲ್ಲಿ ಒಮ್ಮೊಮ್ಮೆ ಹೀಗೆ ಕೆಳಗೆ ಬಂದು ಕೂರುತ್ತೆ,” ಎಂದರು ಡಾಕ್ಟರು.

ನಾನು ಬೆರಗಾಗಿ ನೋಡುತ್ತಲೇ ಇದ್ದೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ನಮ್ಮಂಥ ಮನೆಗಳಲ್ಲಿ ಕೆಮ್ಮನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೂಡು ಬೇಯಿಸುವ ಹಬೆಗೆ ಕೆಮ್ಮು ಬಾರದಿದ್ದರೇ ಆಶ್ಚರ್ಯ. ಅಬ್ಬಾ ತೆಳ್ಳಗಾದಾಗಲಂತೂ ನಾವೆಲ್ಲ ಖುಷಿಪಟ್ಟಿದ್ದೆವು. ಅನ್ನ ಬಿಟ್ಟು ಮುದ್ದೆ ಹಿಡಿದದ್ದಕ್ಕೆ ಶುಗರ್ ಇಳಿದಿದೆ ಎಂದು ಅಕ್ಕಪಕ್ಕದವರು ಹೊಗಳಿದ್ದರು. ಬಿಡದಿಯ ಹೊಸ ಫ್ಯಾಕ್ಟರಿಗೆ ಸೇರುವಾಗ ನನಗೆ ಎಕ್ಸ್‌ರೇ ತೆಗೆಸಿದ್ದರು. ಆ ನೆಪ ಹಿಡಿದು ಅಬ್ಬಾರನ್ನೂ ಎಳೆದುಕೊಂಡು ಬಂದಿದ್ದೆ.

“ಗೂಡಿನೊಳಗೆ ಹುಳ ಹೆಂಗೈತೆ ಅಂತ ಕಿವಿ ಹತ್ರ ಅಲ್ಲಾಡಿಸಿ ಹೇಳ್ಬುಡ್ತೀನಿ ಸ್ವಾಮಿ. ನನ್ನೊಳಗೇ ಇದು ಕೂತಿರೋದು ಗೊತ್ತಾಗ್ಲಿಲ್ವಲ್ಲ!” ಎಂದರು ಅಬ್ಬಾ. ಅವರ ದನಿಯಲ್ಲಿ ಭಯಕ್ಕಿಂತ ವಿಸ್ಮಯವೇ ಹೆಚ್ಚಿತ್ತು.

ಕಫದ ಪರೀಕ್ಷೆಯಲ್ಲೂ ಅದು ಒಂದೇ ಸಲಕ್ಕೆ ಸಿಗಲಿಲ್ಲ. ಮತ್ತೆ ಮಾಡಿಸಿದಾಗ ಸಿಕ್ಕಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ಎಕ್ಸ್‌ರೇಯಲ್ಲಿ ಆ ಮಂಜು ಕರಗಿತ್ತು. ಈಗ ನಮ್ಮ ಶೆಡ್ಡಿನಲ್ಲಿ ಯಾರಾದರೂ ಕೆಮ್ಮಿದರೆ ಅಬ್ಬಾ ಮೋಟಾರ್ ನಿಲ್ಲಿಸುತ್ತಾರೆ. ನೂಲು ಅರ್ಧಕ್ಕೇ ನಿಂತರೂ ಸರಿ, ಆ ಕೆಮ್ಮನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ.