ಸುಮತಿಯಕ್ಕನ ಸಾರಿನ ಹುಡಿಗೆ ನಾನೇ ಮಾಲೀಕ

ಮೊನ್ನೆ ಟ್ರೇಡ್‌ಮಾರ್ಕ್ ನವೀಕರಣದ ನೋಟಿಸು ಬಂತು. ಹತ್ತು ವರ್ಷ ಮುಗಿಯುತ್ತ ಬಂದಿದೆ, ಹೆಸರು ಉಳಿಯಬೇಕಾದರೆ ಅರ್ಜಿ ಹಾಕಿ ಎಂದು. ಹಳೆಯ ಫೈಲು ತೆರೆದರೆ ಒಳಗೆ ಮಾದರಿಗೆಂದು ಇಟ್ಟಿದ್ದ ಸಾರಿನ ಹುಡಿಯ ಪೊಟ್ಟಣ. ಮೂಗಿಗೆ ಹಿಡಿದೆ. ಕೊತ್ತಂಬರಿಯಿಲ್ಲ, ಇಂಗಿಲ್ಲ, ಕಾಗದದ ಮುಗ್ಗಲು ವಾಸನೆ ಮಾತ್ರ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ ನಿಂತು ಹಾಳಾದ ಹುಡಿ ಮೂಸುವ ಮುದುಕನನ್ನು ನೋಡಿದ್ದರೆ ನೀವು ನಗುತ್ತಿದ್ದಿರಿ. ನಗಿ, ಪರವಾಗಿಲ್ಲ.

ನಾನು ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಟ್ರೇಡ್‌ಮಾರ್ಕ್ ಏಜೆಂಟರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವಕೀಲನಲ್ಲ, ಆದರೆ ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ತುದಿಯಲ್ಲಿ ಅರ್ಧ ಕೂತುಕೊಂಡೇ ಉಳಿದ ಮೂವರಿಗೆ ಕಾನೂನು ಹೇಳುವಷ್ಟು ಜಂಬವಿತ್ತು. ಪಕ್ಕದ ಮನೆಯ ಸುಮತಿಯಕ್ಕ ಕಾಪು ಕಡೆಯವರು, ಗಂಡ ತೀರಿಕೊಂಡ ಮೇಲೆ ಸಾರಿನ ಹುಡಿ ಮಾಡಿ ಮಾರುತ್ತಿದ್ದರು. ನನ್ನ ಹೆಂಡತಿ ವಾರಿಜ ಅವರ ಜತೆ ಕೂತು ಮೆಣಸಿನ ತೊಟ್ಟು ಮುರಿಯುತ್ತಿದ್ದಳು. ಇಬ್ಬರೂ ತುಳುವಿನಲ್ಲಿ ಮಾತಿಗೆ ಕೂತರೆ ಸಂಜೆಯ ಕಾಫಿ ನಾನೇ ಮಾಡಿಕೊಳ್ಳಬೇಕು. ಹೊಸ ಹುಡಿ ಮಾಡಿದಾಗಲೆಲ್ಲ ಸುಮತಿಯಕ್ಕ ನಮಗೊಂದು ಪೊಟ್ಟಣ ಕೊಟ್ಟು, "ನೀವು ಇಬ್ಬರು, ಎರಡು ಚಮಚ ಹಾಕಿ, ಸಾಕು" ಅನ್ನುವರು.

ಒಂದು ದಿನ ಸುಮತಿಯಕ್ಕ ಬೇರೊಂದು ಪೊಟ್ಟಣ ಹಿಡಿದು ಬಂದರು. "ನೋಡಿ ರಾಯ್ರೇ, ನನ್ನದೇ ಹೆಸರು ಹಾಕಿ ಯಾರೋ ಮಾರ್ತಿದ್ದಾರೆ. ಒಳಗೆ ಬರೀ ಹೊಟ್ಟು!"

ನನಗೆ ಅಷ್ಟೇ ಸಾಕಿತ್ತು. "ಅಕ್ಕ, ಬುದ್ಧಿಯಿಂದ ಹುಟ್ಟಿದ್ದೂ ಆಸ್ತಿಯೇ" ಎಂದು ಪಾಠ ಶುರುಮಾಡಿದೆ. ಪೊಟ್ಟಣದ ಮೇಲಿನ ಹೆಸರು ಟ್ರೇಡ್‌ಮಾರ್ಕ್. ಅದರಡಿ ಅವರೇ ಬಿಡಿಸಿದ್ದ ಹಬೆಯಾಡುವ ಚೆಂಬಿನ ಚಿತ್ರಕ್ಕೆ ಕಾಪಿರೈಟು. ಬಿಡಿಸಿದ ಗಳಿಗೆಯಿಂದಲೇ ಅದು ಅವರದು, ಅರ್ಜಿಯೂ ಬೇಡ. ಹೊಸ ಬಗೆಯ ಹುರಿಯುವ ಯಂತ್ರವನ್ನು ಕಂಡುಹಿಡಿದರೆ ಪೇಟೆಂಟು, ಇಪ್ಪತ್ತು ವರ್ಷ. ಡಬ್ಬಿಗೆ ಯಾರೂ ಕಾಣದ ಆಕಾರ ಕೊಟ್ಟರೆ ಡಿಸೈನಿನ ಹಕ್ಕು. ಅವರ ಊರಿನ ಕಡೆಯ ಮಟ್ಟುಗುಳ್ಳ ಬದನೆಗೆ ಇರುವುದು ಭೌಗೋಳಿಕ ಸೂಚಕ; ಅದು ಬೆಳೆಯುವ ನೆಲಕ್ಕೆ ಸೇರಿದ್ದು, ಯಾರೊಬ್ಬರ ಸೊತ್ತೂ ಅಲ್ಲ.

"ಮತ್ತೆ ಹುಡಿಗೆ ಎಂತೆಂತ ಹಾಕ್ತೇನೆ ಅನ್ನುವುದು?"

"ಅದು ವ್ಯಾಪಾರದ ಗುಟ್ಟು. ಎಲ್ಲೂ ನೋಂದಾಯಿಸುವುದಿಲ್ಲ. ಯಾರಿಗೂ ಹೇಳದೆ ಇಟ್ಟುಕೊಂಡಷ್ಟು ದಿನ ನಿಮ್ಮದು."

"ಹಾಗಾದ್ರೆ ವಾರಿಜಳಿಗೂ ಹೇಳುದಿಲ್ಲಪ್ಪ!" ಎಂದು ನಕ್ಕರು.

ಎಡವಟ್ಟಾದದ್ದು ಅರ್ಜಿಯಲ್ಲಿ. ಸುಮತಿಯಕ್ಕ ತಮ್ಮನ ಮಗಳ ಮದುವೆಗೆಂದು ಊರಿಗೆ ಹೋದವರು ತಿಂಗಳಾದರೂ ಬಂದಿರಲಿಲ್ಲ. ಅವರ ಸಹಿಯಿಲ್ಲ, ಕಾಗದಪತ್ರವಿಲ್ಲ. ಆ ನಕಲಿಯವನು ಮೊದಲೇ ಹಾಕಿಬಿಟ್ಟರೆ ಎಂಬ ಆತುರ ನನಗೆ. ಗ್ಯಾಸು, ಪಾರ್ಸೆಲು ಎಲ್ಲವನ್ನೂ ಪಕ್ಕದ ಮನೆಯವರ ಹೆಸರಿಗೆ ತರಿಸಿಕೊಂಡು ಬದುಕಿದವರು ನಾವು. ನಮ್ಮವರೇ ಅಲ್ಲವೇ, ಆಮೇಲೆ ಬದಲಾಯಿಸಿದರಾಯಿತು ಎಂದು ಮಾಲೀಕರ ಜಾಗದಲ್ಲಿ ನನ್ನ ಹೆಸರು ಬರೆದೆ. ಅವರು ಊರಿಂದ ಬಂದ ಮೇಲೂ ಇವತ್ತು ನಾಳೆ ಎಂದು ಮುಂದೂಡಿದೆ; ಬದಲಾಯಿಸುವ ಮೊದಲೇ ಪ್ರಮಾಣಪತ್ರ ಬಂತು. ಪೇಢೆ ತಂದು, ಹೆಮ್ಮೆಯಿಂದ ಅವರ ಮುಂದೆ ಹಿಡಿದೆ. ನನ್ನ ಬುದ್ಧಿಗಿಷ್ಟು!

ಸುಮತಿಯಕ್ಕ ಎರಡು ಸಲ ಓದಿದರು. "ಹುಡಿ ನನ್ನದು, ಹೆಸರು ನನ್ನದು, ಮಾಲೀಕರು ನೀವಾ?"

ತಪ್ಪಾಯಿತು ಅನ್ನಬೇಕಿತ್ತು. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದು ನಾನೇ ರೇಗಿದೆ. ಕೆಲವೇ ದಿನಗಳಲ್ಲಿ ಅವರು ಖಾರಘರದ ಮಗಳ ಮನೆಗೆ ಹೊರಟುಹೋದರು. ಬೇರೆ ಹೆಸರಿನಲ್ಲಿ ಹುಡಿ ಮಾರುತ್ತಿದ್ದಾರೆಂದು ಯಾರೋ ಹೇಳಿದರು. ಹಕ್ಕು ದಾಟಿಸಲು ಒಂದು ವರ್ಗಾವಣೆ ಪತ್ರ ಸಾಕು. ಅವರೇ ಬಂದು ಕೇಳಲಿ ಎಂದು ಬಿಗಿದುಕೊಂಡು ಕೂತೆ. ವಾರಿಜಳೂ ಫೋನು ಮಾಡಕೂಡದೆಂದು ತಾಕೀತು ಮಾಡಿದೆ. ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. "ಸುಮತಿಯಕ್ಕನ ಸಾರು ಸಿಕ್ಕಿದ್ರೆ ಎರಡು ತುತ್ತು ಹೋಗ್ತಿತ್ತು" ಅಂದಳು. ನಾಳೆ ಫೋನು ಮಾಡುತ್ತೇನೆ ಅಂದೆ. ಮಾಡಲಿಲ್ಲ. ಅವಳು ಹೋದಳು. ಇದನ್ನು ಯಾರ ಮುಂದೆಯೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ನೆನೆದರೆ ನಾಚಿಕೆಯಾಗುತ್ತದೆ.

ನಿನ್ನೆ ವರ್ಗಾವಣೆ ಪತ್ರ ಬರೆದುಕೊಂಡು, ಠಾಣೆಯಲ್ಲಿ ಗಾಡಿ ಬದಲಾಯಿಸಿ ಖಾರಘರಕ್ಕೆ ಹೋದೆ. ಘಣಸೋಲಿ ಸ್ಟೇಷನ್ ದಾಟುವವರೆಗೂ ಹೇಳಬೇಕಾದ ಮಾತುಗಳನ್ನು ಉರು ಹೊಡೆದೆ. ಬಾಗಿಲು ತೆರೆದ ಸುಮತಿಯಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರು ನನ್ನನ್ನು ದಾಟಿ ನನ್ನ ಹಿಂದೆ ನೋಡಿದರು.

"ವಾರಿಜ ಎಲ್ಲಿ?"

ಉರು ಹೊಡೆದದ್ದೆಲ್ಲ ಮರೆತುಹೋಯಿತು. ಅವಳಿಲ್ಲ ಎಂದು ಹೇಳಿದೆ. ಸಾರಿನ ವಿಷಯವನ್ನೂ ಹೇಳಿದೆ. ಸುಮತಿಯಕ್ಕ ಬಾಗಿಲು ಹಿಡಿದುಕೊಂಡೇ ಅತ್ತರು. "ಒಂದು ಫೋನು ಮಾರಾಯ್ರೆ! ಓಡಿ ಬರ್ತಿದ್ದೆ ನಾನು. ನಿಮ್ಮ ಆ ಕಾಗದ ಯಾರಿಗೆ ಬೇಕಿತ್ತು?"

ಆದರೂ ನಾನು ಚಾಚಿದ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿದರು. ನಾನು ಹೊರಡುವಾಗ ಪೊಟ್ಟಣವೊಂದನ್ನು ಕೈಗಿಟ್ಟರು. ಹೆಸರು ಬೇರೆ, ಹಬೆಯಾಡುವ ಚೆಂಬು ಮಾತ್ರ ಅದೇ. ಮತ್ತೆ ಬನ್ನಿ ಅನ್ನಲಿಲ್ಲ. "ಇನ್ನು ಒಂದು ಚಮಚ ಸಾಕು ನಿಮಗೆ" ಅಂದರು.

ಇವತ್ತು ಸಾರು ಮಾಡಿದೆ. ಮನೆ ತುಂಬ ಕೊತ್ತಂಬರಿ, ಇಂಗಿನ ಘಮ. ಹುಡಿ ಎರಡು ಚಮಚ ಹಾಕಿದೆ, ಬಟ್ಟಲೂ ಎರಡು ಇಟ್ಟೆ. ಎರಡಕ್ಕೂ ಬಡಿಸಿ, "ತಡವಾಯ್ತು ಮಾರಾಯ್ತಿ" ಎಂದೆ.